ನಮ್ಮಮ್ಮ ಜ್ಯೂರಿ ಮೆಂಬರ್

ವರ್ಷಕ್ಕೊಂದು ದಿನ ನಮ್ಮೂರು ಜಿಲ್ಲೆ ಆಗುತ್ತೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರೋ ದಿನ.

ಟಿವಿಯಲ್ಲಿ ಜಿಲ್ಲಾವಾರು ಪಟ್ಟಿ ಓದ್ತಾರಲ್ಲ, ಅದರಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ. ಶಿರಸಿ, ಚಿಕ್ಕೋಡಿ ಇದ್ದ ಹಾಗೆ ನಮ್ಮದೂ ಒಂದು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಿಕ್ಕ ದಿನಗಳಲ್ಲಿ ನಾವು ತುಮಕೂರು ಜಿಲ್ಲೆಯವರೇ. ಡಿಸಿ ಆಫೀಸಿಗೂ ತುಮಕೂರು, ದೊಡ್ಡಾಸ್ಪತ್ರೆಗೂ ತುಮಕೂರು. ಮಧುಗಿರಿ ಜಿಲ್ಲೆ ಆಗಬೇಕು ಅನ್ನೋ ಕೂಗು ನಾನು ಹುಟ್ಟೋಕೂ ಮುಂಚಿನದು ಅಂತ ಅಮ್ಮ ಹೇಳ್ತಾಳೆ.

ಅಂದರೆ ನಮ್ಮ ನಾಲ್ಕು ತಾಲ್ಲೂಕಿನ ಮಕ್ಕಳು ಒಟ್ಟಾಗಿ ಎಲ್ಲರ ಕಣ್ಣಿಗೆ ಬೀಳೋದು ಯಾರೋ ಅವರಿಗೆ ಮಾರ್ಕ್ಸ್ ಹಾಕಿದ ದಿನ. ಆ ಮಕ್ಕಳೇ ಯಾವುದಕ್ಕಾದರೂ ಮಾರ್ಕ್ಸ್ ಹಾಕಿದ್ದುಂಟಾ? ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಒಂದು ಆಫೀಸ್ ಕಾಲ್‌ನಿಂದ.

ನಾನು ಕೆಲಸ ಮಾಡೋ ಪ್ರಾಜೆಕ್ಟಿನ ಇನ್ನೊಂದು ಟೀಮ್ ಫ್ರಾನ್ಸಿನಲ್ಲಿದೆ. ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ಮೀಟಿಂಗ್ ಶುರುವಾಗೋಕೆ ಮುಂಚೆ ಅಲ್ಲಿನ ಮೇಡಂ ಒಬ್ಬರು, 'ಮನೇಲಿ ಮಗಳು ಮಾತೇ ಆಡ್ತಿಲ್ಲ, ಎರಡು ತಿಂಗಳಲ್ಲಿ ಹದಿನೈದು ಕಾದಂಬರಿ ಓದಬೇಕಂತೆ, ಜ್ಯೂರಿಯಲ್ಲಿದ್ದಾಳೆ' ಅಂದರು. ನಾನು ಕೋರ್ಟಿನ ಜ್ಯೂರಿ ಇರಬೇಕು ಅಂದುಕೊಂಡೆ. ಅಲ್ಲ. ಪುಸ್ತಕದ ಜ್ಯೂರಿ. ಹುಡುಗಿಗೆ ಹದಿನಾರು ವರ್ಷ.

ಅವತ್ತು ರಾತ್ರಿ ಕೂತು ಹುಡುಕಿದೆ.

ಫ್ರಾನ್ಸಿನ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್. 1903ರಿಂದ ಕೊಡ್ತಾ ಬಂದಿದ್ದಾರೆ. ಹತ್ತು ಜನ ಸದಸ್ಯರು ಪ್ಯಾರಿಸ್ಸಿನ ಒಂದು ರೆಸ್ಟೋರೆಂಟಿನಲ್ಲಿ ಊಟಕ್ಕೆ ಕೂತು ತೀರ್ಮಾನ ಮಾಡ್ತಾರೆ. ಬಹುಮಾನದ ಹಣ ಎಷ್ಟು ಗೊತ್ತಾ? 10 ಯೂರೋ. ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ. ಆದರೆ ಬಹುಮಾನ ಬಂದ ಪುಸ್ತಕ ಲಕ್ಷಗಟ್ಟಲೆ ಖರ್ಚಾಗುತ್ತೆ.

1988ರಲ್ಲಿ ರೆನ್ ಅನ್ನೋ ಊರಿನ ಶಿಕ್ಷಣ ಇಲಾಖೆಯವರೂ ಫ್ನಾಕ್ ಅನ್ನೋ ಪುಸ್ತಕದಂಗಡಿ ಸರಪಳಿಯವರೂ ಸೇರಿ ಇದಕ್ಕೊಂದು ಜೋಡಿ ಪ್ರಶಸ್ತಿ ಹುಟ್ಟುಹಾಕಿದರು. ಹೆಸರು 'ಗೊಂಕೂರ್ ದೆ ಲಿಸೆಯಾಂ', ಅಂದರೆ ಹೈಸ್ಕೂಲ್ ಮಕ್ಕಳ ಗೊಂಕೂರ್. ಆ ಹತ್ತು ಜನ ದೊಡ್ಡವರು ಆರಿಸಿದ ಮೊದಲ ಪಟ್ಟಿಯ ಕಾದಂಬರಿಗಳನ್ನೇ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳು ಓದ್ತಾರೆ. ಐವತ್ತಕ್ಕೂ ಹೆಚ್ಚು ಶಾಲೆಗಳು. ಬರೀ ಸಾಹಿತ್ಯ ಓದೋ ಮಕ್ಕಳಲ್ಲ, ನಮ್ಮ ಐಟಿಐ ತರಹ ಕಸುಬು ಕಲಿಯೋ ತರಗತಿಗಳವರೂ ಇರ್ತಾರೆ. ಪಟ್ಟಿಯಲ್ಲಿರೋ ಲೇಖಕರು ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡ್ತಾರೆ. ಆಮೇಲೆ ತರಗತಿಯಲ್ಲಿ ವಾದ, ಪ್ರಾದೇಶಿಕ ಮಟ್ಟದಲ್ಲಿ ವಾದ, ಕೊನೆಗೆ ಪ್ರತಿನಿಧಿಗಳು ರೆನ್ ಊರಿನಲ್ಲಿ ಸೇರಿ ತೀರ್ಪು.

ಮೊದಲ ವರ್ಷ ಮಕ್ಕಳೂ ದೊಡ್ಡವರೂ ಒಂದೇ ಪುಸ್ತಕ ಆರಿಸಿದ್ದರು, ಎರಿಕ್ ಒರ್ಸೆನಾ ಅವರದ್ದು. ಹಾಗಾದರೆ ಮಕ್ಕಳು ಯಾಕೆ ಬೇಕು ಅನ್ನಬಹುದು. ಆದರೆ 2018ಕ್ಕೆ ಬನ್ನಿ. ದೊಡ್ಡವರು ನಿಕೋಲಾ ಮಾತ್ಯೂ ಅವರ ಕಾದಂಬರಿಗೆ ಗೊಂಕೂರ್ ಕೊಟ್ಟರು. ಮಕ್ಕಳು ಆರಿಸಿದ್ದು ದಾವೀದ್ ದಿಯೋಪ್ ಅವರ ಪುಸ್ತಕ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿದ ಸೆನೆಗಲ್‌ನ ಸೈನಿಕನೊಬ್ಬನ ಕಥೆ. ಮೂರು ವರ್ಷ ಆದಮೇಲೆ, 2021ರಲ್ಲಿ, ಅದರ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತು. 2025ರ ಮೇ 20ರಂದು ನಮ್ಮ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಬಂತಲ್ಲ, ಅದೇ ಬೂಕರ್. ಜಗತ್ತು ಮೂರು ವರ್ಷ ತಡವಾಗಿ ಹೇಳಿದ್ದನ್ನು ಹದಿನಾರು ಹದಿನೇಳರ ಮಕ್ಕಳು ಮೊದಲೇ ಹೇಳಿಬಿಟ್ಟಿದ್ದರು.

ದೊಡ್ಡವರಿಗೂ ಇಂಥದ್ದಿದೆ. ಫ್ರಾನ್ಸಿನ ಸರ್ಕಾರಿ ರೇಡಿಯೋ 'ಫ್ರಾನ್ಸ್ ಅಂತೆರ್' 1975ರಿಂದ ಒಂದು ಪ್ರಶಸ್ತಿ ಕೊಡುತ್ತೆ. ತೀರ್ಪುಗಾರರು 24 ಜನ ಕೇಳುಗರು. 12 ಹೆಂಗಸರು, 12 ಗಂಡಸರು. ಜ್ಯೂರಿಗೆ ಸೇರಬೇಕು ಅಂದರೆ ರೇಡಿಯೋಗೆ ಒಂದು ಪತ್ರ ಬರೀಬೇಕು, ನಾನು ಓದುಗ ಅಂತ. ಡಿಗ್ರಿ ಕೇಳಲ್ಲ, ಯಾವ ಕೆಲಸ ಅಂತ ನೋಡಿ ಒಳಗೆ ಬಿಡಲ್ಲ. ಸಾವಿರಾರು ಪತ್ರ ಬರುತ್ತೆ. ಆಯ್ಕೆ ಆದವರ ಮನೆಗೆ ಹತ್ತು ಕಾದಂಬರಿ ಬರುತ್ತೆ. ಎಲ್ಲ ಓದಿ, ಪ್ಯಾರಿಸ್ಸಿಗೆ ಹೋಗಿ, ಒಬ್ಬ ಲೇಖಕರ ಅಧ್ಯಕ್ಷತೆಯಲ್ಲಿ ಒಂದು ಕೋಣೆಯಲ್ಲಿ ಕೂತು ಜಗಳ ಆಡಿ ಒಂದನ್ನು ಆರಿಸ್ತಾರೆ.

ನಾನು ಸಾಫ್ಟ್‌ವೇರಿನವನು. ಮೊದಲು ಹೊಳೆದದ್ದು ಆ್ಯಪ್ ರೇಟಿಂಗ್. ಇದೂ ಅಷ್ಟೇ ಅಲ್ವಾ, ಜನ ವೋಟ್ ಹಾಕೋದು? ಆಮೇಲೆ ಯೋಚನೆ ಮಾಡಿದರೆ ಅಲ್ಲ. ನಾವು ಸ್ಟಾರ್ ಕೊಡುವಾಗ ಬೇರೆ ಯಾವ ಆ್ಯಪನ್ನೂ ನೋಡಿರಲ್ಲ. ಎಷ್ಟೋ ಸಲ ಅದನ್ನೇ ಸರಿಯಾಗಿ ನೋಡಿರಲ್ಲ, ಡೆಲಿವರಿ ಲೇಟಾಯ್ತು ಅಂತ ಒಂದು ಸ್ಟಾರ್ ಒತ್ತಿರ್ತೀವಿ. ಈ ಜ್ಯೂರಿಯಲ್ಲಿ ಮೂರು ಷರತ್ತು. ಪಟ್ಟಿಯಲ್ಲಿರೋದನ್ನೆಲ್ಲ ಓದಿರಬೇಕು. ಬೇರೆಯವರ ಎದುರು ಕೂರಬೇಕು. ಕಾರಣ ಹೇಳಬೇಕು. ಲೈಕಿಗೂ ತೀರ್ಪಿಗೂ ಇರೋ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ನಮ್ಮಲ್ಲಿ ಓದುಗರು ತೀರ್ಪು ಕೊಟ್ಟೇ ಇಲ್ಲ ಅಂತಲ್ಲ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, 35 ತುಂಬೋ ಮೊದಲೇ. ಬೆಳ್ಳಿಮೋಡ, ಶರಪಂಜರ ಇವತ್ತಿಗೂ ಮರುಮುದ್ರಣ ಆಗ್ತಿವೆ ಅಂದರೆ ಅದು ಓದುಗರ ತೀರ್ಪೇ. ಆದರೆ ಆ ತೀರ್ಪನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ. ನಮ್ಮಲ್ಲಿ ಪ್ರಶಸ್ತಿ ಅಂದರೆ ಸಮಿತಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಕೊನೆಯ ಮಾತು ಮೂರು ಜನ ತೀರ್ಪುಗಾರರದ್ದು. ಅವರು ತಪ್ಪು ಮಾಡ್ತಾರೆ ಅಂತ ನಾನು ಹೇಳ್ತಿಲ್ಲ, ಬಲ್ಲವರು ಬೇಕೇ ಬೇಕು. ಸಿರಾ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪ ಅವರ ಹೆಸರು ನಾನು ಮೊದಲು ಕೇಳಿದ್ದೂ ಮೇಷ್ಟರ ಬಾಯಲ್ಲೇ, ಓದುಗರ ಬಾಯಲ್ಲಲ್ಲ. ನನ್ನ ಪ್ರಶ್ನೆ ಬೇರೆ. ಉಳಿದವರನ್ನು ಯಾರಾದರೂ ಕೇಳಿದ್ದಾರಾ?

ಈ ಪ್ರಶ್ನೆ ಹಿಡಿದುಕೊಂಡು ಅಮ್ಮನಿಗೆ ಫೋನ್ ಮಾಡಿದೆ.

ಅಮ್ಮ ಮಧುಗಿರಿಯಲ್ಲಿ ಒಬ್ಬಳೇ ಇದ್ದಾಳೆ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆಗಿದ್ದಾಳೆ. ಅಪ್ಪ ಹೋಗಿ ಆರು ವರ್ಷ. ನಮ್ಮಿಬ್ಬರ ಫೋನು ನಿಮಗೆ ಗೊತ್ತಿರುತ್ತೆ, ನಿಮ್ಮನೇಲೂ ಇದೇ ಇರಬೇಕು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ನೀರು ಬಂತಾ, ಸರಿ ಇಡ್ಲಾ. ಒಂದೂವರೆ ನಿಮಿಷ. ನಾನು ಚಿಕ್ಕವನಿದ್ದಾಗ ಅಮ್ಮ ಸಾಯಿಸುತೆ, ಉಷಾ ನವರತ್ನರಾಮ್ ಕಾದಂಬರಿಗಳನ್ನು ಬಾಡಿಗೆಗೆ ತಂದು, ಸಾರು ಕುದಿಯೋವರೆಗೆ ನಿಂತುಕೊಂಡೇ ಓದ್ತಿದ್ದಳು. ಯಾವಾಗ ನಿಲ್ಲಿಸಿದಳು ಅಂತ ನನಗೆ ಗೊತ್ತಿಲ್ಲ. ನಾನೂ ಇಂಜಿನಿಯರಿಂಗ್ ಸೇರಿದ ಮೇಲೆ ಕನ್ನಡ ಪುಸ್ತಕ ಮುಟ್ಟಿರಲಿಲ್ಲ.

'ಅಮ್ಮ, ಮೂರು ಪುಸ್ತಕ ಕಳಿಸ್ತೀನಿ, ಓದಿ ಯಾವುದು ಚೆನ್ನಾಗಿದೆ ಅಂತ ಹೇಳ್ಬೇಕು.'

'ನಂಗೇನಪ್ಪ ಗೊತ್ತಾಗುತ್ತೆ? ಓದ್ದೋರನ್ನ ಕೇಳು.'

'ನೀನು ಓದಿದ್ರೆ ನೀನೇ ಓದ್ದೋಳು.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಅಕ್ಷರ ದಪ್ಪ ಇರೋದು ಕಳಿಸು' ಅಂದಳು.

ಹಾಗೆ ಏಳು ಜನರ ಜ್ಯೂರಿ ಆಯ್ತು. ಮಧುಗಿರಿಯಿಂದ ಅಮ್ಮ, ಪಕ್ಕದ ಮನೆಯ ಟೈಲರ್ ಆಂಟಿ. ಸಿರಾದಿಂದ ಅಮ್ಮನ ತಮ್ಮ, ನನ್ನ ಸೋದರಮಾವ, ಕಡ್ಲೆಕಾಯಿ ವ್ಯಾಪಾರ. ಪಾವಗಡದಿಂದ ಅಕ್ಕನ ಮಗಳು, ಮೊದಲ ವರ್ಷದ ಪಿಯುಸಿ. ಕೊರಟಗೆರೆಯಿಂದ ನನ್ನ ಜೊತೆ ಓದಿದ ಗೆಳೆಯ, ಈಗ ಪ್ರೈವೇಟ್ ಬಸ್ ಕಂಡಕ್ಟರ್, ಜೊತೆಗೆ ಅವನ ಹೆಂಡತಿ, ನರ್ಸ್. ಏಳನೆಯವನು ಬೆಂಗಳೂರಿನ ನನ್ನ ರೂಮ್‌ಮೇಟ್, ಅವನೂ ಮಧುಗಿರಿ ಕಡೆಯವನೇ, ಸಾಫ್ಟ್‌ವೇರ್ ಟೆಸ್ಟರ್. ನನಗೆ ವೋಟಿಲ್ಲ. ನಾನು ಗುಮಾಸ್ತ.

ಪುಸ್ತಕ ಮೂರು. ಎಲ್ಲವೂ ಸಣ್ಣವು, ಕೆಲಸದ ನಡುವೆ ಓದಿ ಮುಗಿಸಬಹುದಾದವು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ದೇವನೂರ ಮಹಾದೇವ ಅವರ 'ಒಡಲಾಳ', ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್'. ಒಂದೊಂದರದ್ದೂ ಮೂರು ಮೂರು ಪ್ರತಿ ತಗೊಂಡೆ. ಒಬ್ಬರಿಂದ ಒಬ್ಬರಿಗೆ ತಲುಪಿಸೋದು ಕಂಡಕ್ಟರ್ ಗೆಳೆಯನ ಕೆಲಸ. ಅವನ ಬಸ್ಸು ಹೋಗದ ಊರಿಗೆ ಬೇರೆ ಬಸ್ಸಿನವರ ಕೈಲಿ ಕೊಟ್ಟು ಕಳಿಸ್ತಿದ್ದ. ಡಿಸೆಂಬರ್ ಮೊದಲ ವಾರ ಶುರು. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಮಧುಗಿರಿಯ ನಮ್ಮ ಮನೆಯಲ್ಲಿ ತೀರ್ಪು.

ಒಂದು ಬದಲಾವಣೆ ಎರಡನೇ ವಾರಕ್ಕೇ ಗೊತ್ತಾಯ್ತು. ಅಮ್ಮನೇ ಫೋನ್ ಮಾಡೋಕೆ ಶುರು ಮಾಡಿದಳು. 'ಈ ಘಾಚರ್ ಘೋಚರ್ ಮನೇಲಿ ಇರುವೆ ಕಾಟ ಬಂತಲ್ಲ, ಅದನ್ನ ಓದ್ತಿದ್ರೆ ನಮ್ಮ ಹಳೇ ಬಾಡಿಗೆ ಮನೆ ನೆನಪಾಯ್ತು ಕಣೋ. ದುಡ್ಡು ಬಂದ್ಮೇಲೆ ಆ ಜನ ಯಾಕಿಂಗಾದ್ರು?' ಹದಿನೆಂಟು ನಿಮಿಷ ಮಾತಾಡಿದೆವು. ಕಾಲ್ ಲಾಗಿನಲ್ಲಿ ನೋಡಿದೆ. ಮಾತ್ರೆ ತಗೊಂಡ್ಯಾ ಅಂತ ಕೇಳೋದೇ ಮರೆತುಹೋಗಿತ್ತು.

ತೀರ್ಪಿನ ದಿನ ಅವರೆಕಾಳು ಸಾರು, ಮುದ್ದೆ. ಮಾವ ಸಿರಾದಿಂದ ಒಂದು ಚೀಲ ಹುರಿದ ಕಡ್ಲೆಕಾಯಿ ತಂದಿದ್ದರು. ಊಟ ಆದಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಕಿಟಕಿಯಿಂದ ಬೆಟ್ಟ ಕಾಣುತ್ತೆ. ಮೊದಲ ಸುತ್ತು ಚೀಟಿ. ಮಾತಾಡೋ ಹಾಗಿಲ್ಲ, ಬರೆದು ಡಬ್ಬಿಗೆ ಹಾಕೋದು.

ಫಣಿಯಮ್ಮ 3. ಒಡಲಾಳ 2. ಘಾಚರ್ ಘೋಚರ್ 1. ಒಂದು ಚೀಟಿ ಖಾಲಿ.

ಸರಿ, ಕಾರಣ ಹೇಳಿ ಅಂದೆ.

ಘಾಚರ್ ಘೋಚರ್‌ಗೆ ಹಾಕಿದ್ದು ನನ್ನ ರೂಮ್‌ಮೇಟ್. 'ಇದು ನಮ್ಮ ಕಥೆ. ದುಡಿಯೋನು ಒಬ್ಬ, ಮಿಕ್ಕೋರೆಲ್ಲ ಅವನ ಮೂಡ್ ನೋಡ್ಕೊಂಡು ಬದುಕೋದು. ನಾನು ಮನೆಗೆ ದುಡ್ಡು ಕಳಿಸೋಕೆ ಶುರು ಮಾಡಿದ್ಮೇಲೆ ನಮ್ಮಪ್ಪ ನನ್ನನ್ನ ಬೈಯೋದೇ ಬಿಟ್ಟಿದ್ದಾರೆ. ಅದು ಖುಷಿ ವಿಷಯ ಅಲ್ಲ ಅಂತ ಈ ಪುಸ್ತಕ ಓದಿದ್ಮೇಲೆ ಗೊತ್ತಾಯ್ತು' ಅಂದ. ಇದನ್ನು ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೂ ಅವನು ನನಗೆ ಹೇಳಿರಲಿಲ್ಲ.

ಮಾವ ಒಡಲಾಳಕ್ಕೆ ಹಾಕಿದ್ದರು. 'ಆ ಮನೆಯೋರೆಲ್ಲ ರಾತ್ರಿ ಕೂತು ಕಡ್ಲೆಕಾಯಿ ತಿಂತಾರಲ್ಲ, ಹಂಗೆ ಬರ್ದೋರನ್ನ ನಾನು ನೋಡಿಲ್ಲ. ಮೂವತ್ತು ವರ್ಷದಿಂದ ಕಡ್ಲೆಕಾಯಿ ತೂಗ್ತಿದೀನಿ, ಹಸಿದೋರು ಹೆಂಗೆ ತಿಂತಾರೆ ಅಂತ ಯೋಚ್ನೆ ಮಾಡಿರ್ಲಿಲ್ಲ' ಅಂದರು.

ಅಕ್ಕನ ಮಗಳದ್ದೂ ಒಡಲಾಳ. ಅವಳ ಮಾತು ನಾನು ಬರೆದಿಟ್ಟುಕೊಂಡೆ. ಪಾವಗಡದ ಸುತ್ತ ಆಂಧ್ರ, ಅವಳ ಅಪ್ಪನ ಮನೆಯಲ್ಲಿ ಆಡೋದು ತೆಲುಗು. 'ಮಾಮ, ಮೊದಲ ಹತ್ತು ಪುಟ ಏನೂ ಅರ್ಥ ಆಗ್ಲಿಲ್ಲ. ಇದು ನಮ್ಮ ಟೆಕ್ಸ್ಟ್ ಬುಕ್ ಕನ್ನಡ ಅಲ್ಲ. ಆಮೇಲೆ ಜೋರಾಗಿ ಓದಿದೆ. ಓದಿದ್ರೆ ಯಾರೋ ಎದುರಿಗೆ ಕೂತು ಮಾತಾಡ್ದಂಗೆ ಆಯ್ತು. ನಮ್ಮನೇಲಿ ಮಾತಾಡೋ ತೆಲುಗೂ ಬುಕ್ಕಲ್ಲಿರೋ ತೆಲುಗಲ್ಲ. ಅದನ್ನೂ ಹಿಂಗೆ ಬರೀಬೋದು ಅಂತ ಗೊತ್ತೇ ಇರ್ಲಿಲ್ಲ.' ಕನ್ನಡದಲ್ಲಿ ಅವಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಬಂದ ಮಾರ್ಕ್ಸ್ ಹೇಳಿಕೊಳ್ಳೋ ಹಾಗಿರಲಿಲ್ಲ. ಇಂಥ ಉತ್ತರಕ್ಕೆ ಯಾವ ಪ್ರಶ್ನೆಪತ್ರಿಕೆಯಲ್ಲಿ ಜಾಗ ಇದೆ ಹೇಳಿ.

ಕಂಡಕ್ಟರ್, ನರ್ಸ್, ಟೈಲರ್ ಆಂಟಿ ಮೂವರದ್ದೂ ಫಣಿಯಮ್ಮ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಹೆಂಗಸಿನ ಕಥೆ. 1976ರಲ್ಲಿ ಬಂದದ್ದು, 1983ರಲ್ಲಿ ಪ್ರೇಮಾ ಕಾರಂತ ಸಿನಿಮಾ ಮಾಡಿದರು. ನರ್ಸ್, ಫಣಿಯಮ್ಮ ಹೆರಿಗೆ ಮಾಡಿಸೋ ಭಾಗದ ಬಗ್ಗೆ ಹೇಳ್ತಾ, 'ಮಡಿ ಮೈಲಿಗೆ ಅಂತ ಜೀವನಪೂರ್ತಿ ಬದುಕಿದೋಳು ಆ ಹೊತ್ತಲ್ಲಿ ಕೈ ಹಾಕಿದಳಲ್ಲ, ಅದು ದೊಡ್ಡದು' ಅಂದಳು. ಕಂಡಕ್ಟರ್, 'ಒಂದು ಬೇಜಾರಿನ ಮಾತು ಆಡದೆ ಎಲ್ಲಾನೂ ಸಹಿಸಿದಳು, ದೇವರಂಥವಳು' ಅಂದ. ಟೈಲರ್ ಆಂಟಿ ಹೌದು ಹೌದು ಅಂದರು.

ಹಾಗಾದರೆ ಖಾಲಿ ಚೀಟಿ ಅಮ್ಮನದು. ಎಲ್ಲರೂ ಅವಳ ಕಡೆ ನೋಡಿದೆವು.

'ಏನೂ ಬರೀಲಿಲ್ವಾ ಅಜ್ಜಿ?' ಅಂತ ಮೊಮ್ಮಗಳು ಕೇಳಿದಳು.

'ಫಣಿಯಮ್ಮ ಅಂತಾನೇ ಬರೀಬೇಕು ಅನ್ಕೊಂಡೆ. ಪೆನ್ನು ಹೋಗ್ಲಿಲ್ಲ.'

'ಯಾಕೆ, ಪುಸ್ತಕ ಚೆನ್ನಾಗಿಲ್ವಾ?'

'ಚೆನ್ನಾಗೈತೆ. ಎರಡು ಸಲ ಓದ್ದೆ. ಆದ್ರೆ ಎಲ್ರೂ ಅವಳನ್ನ ಹೊಗಳೋದು ಯಾಕೆ? ಸಹಿಸಿದಳು ಅಂತ. ನಂಗೆ ಅದೇ ಹಿಡಿಸ್ಲಿಲ್ಲ.'

ನರ್ಸ್ ಬಿಡಲಿಲ್ಲ. 'ಆಂಟಿ, ಆದ್ರೆ ದಾಕ್ಷಾಯಣಿ ತಲೆ ಬೋಳಿಸ್ಕೊಳಲ್ಲ ಅಂದಾಗ ಫಣಿಯಮ್ಮ ಅವಳ ಪರ ನಿಂತಳಲ್ಲ?' ಅಂದಳು. ಒಳ್ಳೇ ಪಾಯಿಂಟ್. ನನಗೆ ಅದು ಹೊಳೆದಿರಲಿಲ್ಲ.

'ನಿಂತಳಮ್ಮ. ಬೇರೆಯವಳಿಗೋಸ್ಕರ ನಿಂತಳು. ತನಗೋಸ್ಕರ ಒಂದ್ಸಲನಾದ್ರೂ ನಂಗೆ ಬೇಡ ಅಂದಳಾ? ಸಾಕವ್ವನ್ನ ನೋಡು. ಒಂದು ಹುಂಜ ಕಳ್ಕೊಂಡಿದ್ದಕ್ಕೆ ಊರಿಗೆಲ್ಲ ಕೇಳೋ ಹಂಗೆ ಬಾಯಿ ಮಾಡ್ತಾಳೆ. ನಂಗೆ ಆ ಬಾಯಿ ಬೇಕಿತ್ತು.'

ಆಮೇಲೆ ಅವಳು ಯಾರ ಮುಖವನ್ನೂ ನೋಡದೆ ಇನ್ನೊಂದು ಮಾತು ಹೇಳಿದಳು.

'ಹೋದ ವರ್ಷ ಮದುವೇಲಿ ಆರತಿ ಮಾಡೋವಾಗ ನಾನೇ ಹಿಂದಕ್ಕೆ ಹೋಗಿ ಕಂಬದ ಹತ್ರ ನಿಂತ್ಕೊಂಡೆ. ಯಾರೂ ಹೋಗು ಅನ್ಲಿಲ್ಲ. ಬಾ ಅಂತಾನೂ ಅನ್ಲಿಲ್ಲ.'

ಅದು ಮಾವನ ಮಗಳ ಮದುವೆ. ಮಾವ ಕಡ್ಲೆಕಾಯಿ ಸುಲಿಯೋದು ನಿಲ್ಲಿಸಿದರು. ಆ ಮದುವೆಯಲ್ಲಿ ಫೋಟೋ ತೆಗೆದವನು ನಾನು. ನಾನೂರಕ್ಕೂ ಹೆಚ್ಚು ಫೋಟೋ. ಅವತ್ತು ರಾತ್ರಿ ಫೋನಿನಲ್ಲಿ ಆರತಿಯ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಅಮ್ಮ ಒಂದರಲ್ಲೂ ಇಲ್ಲ. ನಾನು ಅವತ್ತೂ ಹುಡುಕಿರಲಿಲ್ಲ, ಆಮೇಲೂ ಹುಡುಕಿರಲಿಲ್ಲ. ಅಮ್ಮ ಒಳಗೆ ಎಲ್ಲೋ ಕೆಲಸದಲ್ಲಿರ್ತಾಳೆ ಅಂದುಕೊಂಡಿದ್ದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮನೇ, 'ಏನ್ ಹಿಂಗೆ ಕೂತ್ರಿ, ಚೀಟಿ ಕೊಡು' ಅಂದಳು.

ಎರಡನೇ ಸುತ್ತು. ಒಡಲಾಳ 4, ಫಣಿಯಮ್ಮ 2, ಘಾಚರ್ ಘೋಚರ್ 1. ಅಮ್ಮನ ವೋಟು ಒಡಲಾಳಕ್ಕೆ ಹೋಯ್ತು. ಜೊತೆಗೆ ಟೈಲರ್ ಆಂಟಿ ಬದಲಾಯಿಸಿದರು. ನರ್ಸ್ ಬದಲಾಯಿಸಲಿಲ್ಲ. 'ಆಂಟಿ ಹೇಳಿದ್ದು ಸರಿ, ಆದ್ರೂ ನಂಗೆ ಫಣಿಯಮ್ಮನೇ' ಅಂದಳು. ಅದೂ ಸರಿಯೇ. ಫ್ರಾನ್ಸಿನಲ್ಲೂ ಎಲ್ಲರೂ ಒಪ್ಪೋದು ಅಪರೂಪವಂತೆ.

ಹೊರಡೋವಾಗ ಮಾವ ಚಪ್ಪಲಿ ಹಾಕಿಕೊಂಡವರು ಮತ್ತೆ ಒಳಗೆ ಬಂದರು. 'ಆ ಫಣಿಯಮ್ಮ ಒಂದು ಪ್ರತಿ ಕೊಡೋ, ನಿಮ್ಮತ್ತೆಗೆ ಓದಿಸ್ತೀನಿ' ಅಂದರು. ಅಮ್ಮನೇ ತಂದು ಕೈಗೆ ಕೊಟ್ಟಳು. ಅಕ್ಕ ತಮ್ಮ ಬೇರೇನೂ ಮಾತಾಡಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಇದನ್ನೇ ಯೋಚಿಸ್ತಿದ್ದೆ. ಫಣಿಯಮ್ಮ ಕಾದಂಬರಿಯ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅಮ್ಮ ಹೇಳಿದ್ದು ಅವರಿಗೆ ಗೊತ್ತಿಲ್ಲದ ವಿಷಯ ಅಂತ ನಾನು ವಾದ ಮಾಡಲ್ಲ. ಆದರೆ ಅದು ನನಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿರಲಿಲ್ಲ. 'ಅಮ್ಮ, ನಿನಗೆ ಬೇಜಾರಾಗಿದೆಯಾ?' ಅಂತ ನಾನು ನೂರು ಸಲ ಕೇಳಿದ್ದರೂ 'ಏನಿಲ್ಲಪ್ಪ' ಅಂತಿದ್ದಳು. ಒಂದು ಪುಸ್ತಕದ ಬಗ್ಗೆ ತೀರ್ಪು ಕೊಡು ಅಂದಾಗ ಹೇಳಿದಳು. ಸುಮ್ಮನೆ ಓದು ಅಂದಿದ್ದರೆ ಓದಿ ಎತ್ತಿಡ್ತಿದ್ದಳು. ಬರೀ ವೋಟ್ ಹಾಕು ಅಂದಿದ್ದರೆ ಖಾಲಿ ಚೀಟಿ ಖಾಲಿಯಾಗೇ ಉಳೀತಿತ್ತು. ಯಾಕೆ ಅಂತ ಎದುರು ಕೂತವರು ಕೇಳಿದ್ದಕ್ಕೆ ಆ ಮಾತು ಹೊರಗೆ ಬಂತು.

ಇದನ್ನೇ ಶಾಲೆಗಳಲ್ಲಿ ಮಾಡೋಕಾಗಲ್ವಾ ಅಂತ ನನ್ನ ಆಸೆ. ಫ್ರಾನ್ಸಿನ ಆ ಪ್ರಶಸ್ತಿ ಶುರುವಾದದ್ದೂ ಪ್ಯಾರಿಸ್ಸಿನಲ್ಲಲ್ಲ, ರಾಜಧಾನಿಯಿಂದ ದೂರದ ರೆನ್‌ನಲ್ಲಿ, ಶಿಕ್ಷಣ ಇಲಾಖೆಯ ಸ್ಥಳೀಯ ಕಚೇರಿಯ ಜೊತೆ. ನಮಗೂ ಒಂದು ಶೈಕ್ಷಣಿಕ ಜಿಲ್ಲೆ ಇದೆ. ಲೆಕ್ಕ ಹಾಕಿದೆ. ತಾಲ್ಲೂಕಿಗೆ ಐದು ಹೈಸ್ಕೂಲು, ನಾಲ್ಕು ತಾಲ್ಲೂಕಿಗೆ ಇಪ್ಪತ್ತು. ಮೂರು ಸಣ್ಣ ಪುಸ್ತಕ, ಶಾಲೆಗೆ ಒಂದೊಂದರ ಐದು ಪ್ರತಿ. ಒಟ್ಟು 300 ಪುಸ್ತಕ. ಒಂದಕ್ಕೆ 150 ರೂಪಾಯಿ ಅಂದರೂ 45,000. ಬೆಂಗಳೂರಿನಲ್ಲಿ ನಮ್ಮ ಟೀಮ್ ಒಂದು ದಿನ ರೆಸಾರ್ಟಿಗೆ ಹೋಗಿ ಬರೋ ಖರ್ಚು ಇದಕ್ಕಿಂತ ಜಾಸ್ತಿ.

ಪುಸ್ತಕ ಸಿಗೋಕೆ ಬೇರೆ ದಾರಿಯೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಕಟ್ತೀವಿ. ರಸೀದಿ ತೆಗೆದು ನೋಡಿ, ಇರುತ್ತೆ. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ 'ಓದುವ ಬೆಳಕು' ಅಂತ ಶುರು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಜಾಗ ಇದೆ, ಕಪಾಟಿದೆ, ಕಾರ್ಡೂ ಇದೆ. ಮಕ್ಕಳನ್ನು ಕೂರಿಸಿಕೊಂಡು 'ಇದರಲ್ಲಿ ಯಾವುದು ಚೆನ್ನಾಗಿದೆ, ಯಾಕೆ?' ಅಂತ ಕೇಳೋರು ಬೇಕು. ತಿದ್ದೋಕಲ್ಲ, ಮಾರ್ಕ್ಸ್ ಹಾಕೋಕಲ್ಲ.

ನಾನು ಓದಿದ ಹೈಸ್ಕೂಲಿನಲ್ಲಿ ಲೈಬ್ರರಿ ಅಂದರೆ ಹೆಡ್ಮಾಸ್ಟರ್ ರೂಮಿನ ಗಾಜಿನ ಬೀರು. ಬೀಗ ಯಾವಾಗಲೂ ಹಾಕಿರ್ತಿತ್ತು. ಗಾಜಿನಾಚೆ ಪುಸ್ತಕಗಳ ಬೆನ್ನು ಕಾಣ್ತಿತ್ತು, ಹೆಸರು ಓದಿಕೊಂಡು ಬರ್ತಿದ್ದೆವು. ಅದರಲ್ಲಿ ಒಡಲಾಳವೂ ಇತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಒಡಲಾಳದೊಳಗೆ ಏನಿದೆ ಅಂತ ಗೊತ್ತಾಗೋಕೆ ನನಗೆ ಮೂವತ್ತು ವರ್ಷ ಆಗಬೇಕಾಯ್ತು.

ಶಾಲೆ ದೊಡ್ಡ ಮಾತು, ನಮ್ಮ ಕೈಲಿಲ್ಲ ಅಂತೀರಾ? ಮನೆ ನಮ್ಮ ಕೈಲಿದೆ. ಮೂರು ಸಣ್ಣ ಪುಸ್ತಕ ತಗೊಳ್ಳಿ. ಊರಲ್ಲಿರೋ ಅಮ್ಮನಿಗೋ ಅತ್ತಿಗೆಗೋ ಚಿಕ್ಕಪ್ಪನಿಗೋ ಕಳಿಸಿ. ಓದಿ ಅಂತ ಮಾತ್ರ ಹೇಳಬೇಡಿ, ತೀರ್ಪು ಕೊಡಿ ಅನ್ನಿ. 'ನಂಗೇನು ಗೊತ್ತಾಗುತ್ತೆ' ಅಂದೇ ಅಂತಾರೆ. ಬಿಡಬೇಡಿ. ಅಕ್ಷರ ದಪ್ಪ ಇರೋದು ನೋಡಿ ಆರಿಸಿ.

ನಮ್ಮ ಎರಡನೇ ಸುತ್ತಿಗೆ ಮೂರು ಪುಸ್ತಕ ಆರಿಸ್ತಿದ್ದೀವಿ. ಒಂದು ಬಾನು ಮುಷ್ತಾಕ್ ಅವರ ಕಥೆಗಳು, ಅದು ಟೈಲರ್ ಆಂಟಿ ಹಠ. ಎರಡನೆಯದು ತೇಜಸ್ವಿಯವರ ಕರ್ವಾಲೊ, ಅಕ್ಕನ ಮಗಳ ಆಯ್ಕೆ. ಮೂರನೆಯದು ಇನ್ನೂ ಖಾಲಿ. ಓದುಗರೇ, ನಿಮ್ಮ ಸಲಹೆ ಬರೆದು ಕಳಿಸಿ. ಹೆಸರು ಮಾತ್ರ ಬರೆದರೆ ಆಗಲ್ಲ, ಯಾಕೆ ಅಂತಾನೂ ಬರೀಬೇಕು. ಅಮ್ಮ ಕೇಳ್ತಾಳೆ.